ಎರಡು ಎಡಗೈ ತೋಳಿನ ಕೋಟು

ಬಸವನ ಬಾಗೇವಾಡಿ,
೨ ಆಗಸ್ಟ್ ೨೦೨೫, ಶನಿವಾರ ಮುಂಜಾನೆ

ಪ್ರೀತಿಯ ಸಂಘಮಿತ್ರಾ,

ಜೈಭೀಮ. ಹೇಗಿದ್ದೀ? ಎಡಗಾಲಿನ ಹಿಮ್ಮಡಿ ನೋವು ಕಡಿಮೆಯಾಯಿತೋ ಇಲ್ಲವೋ? ಮುದ್ದೇಬಿಹಾಳದಲ್ಲಿ ಊಟಕ್ಕೆ ಏನು ವ್ಯವಸ್ಥೆ ಮಾಡಿಕೊಂಡಿದ್ದೀ, ನೀರು ದಿನಾ ಬರುತ್ತದೋ ಎರಡು ದಿನಕ್ಕೊಮ್ಮೆಯೋ, ಕೋಣೆಯಲ್ಲಿ ಗಾಳಿ ಆಡುತ್ತದೋ, ಇದೊಂದೂ ನನಗೆ ಗೊತ್ತಿಲ್ಲ. ದಿನಾ ಸಂಜೆ ಐದಕ್ಕೆ ನೀನು ಅವ್ವನ ಜೊತೆ ಫೋನಿನಲ್ಲಿ ಮಾತಾಡುವಾಗ ನಾನು ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂತಿರುತ್ತೇನೆ. ಅವ್ವನ ಕಡೆಯ ಮಾತಷ್ಟೇ ಕೇಳಿಸುತ್ತದೆ. “ಹೂಂ”, “ಉಂಡೆ”, “ಅದಾನ, ಇಲ್ಲೇ ಕುಂತಾನ” ಎಂಬುದರಿಂದ ನೀನು ಏನು ಕೇಳಿರಬಹುದು ಎಂದು ಊಹಿಸುತ್ತೇನೆ. ನನ್ನ ಫೋನನ್ನು ನೀನು ಎತ್ತುವುದಿಲ್ಲ. ಅದಕ್ಕೇ ಈ ಕಾಗದ. ಚಡಚಣದಲ್ಲಿ ನನಗೆ ಮೊದಲ ನೌಕರಿ ಆದಾಗ, ನೀನಿನ್ನೂ ಹೊರ್ತಿಯಲ್ಲಿ ಅಪ್ಪ, ಅವ್ವನ ಜೊತೆ ಇದ್ದಾಗ, ವಾರಕ್ಕೊಂದು ಬರೆಯುತ್ತಿದ್ದೆನಲ್ಲ, ಆಮೇಲೆ ಇದೇ ಮೊದಲು.

ಇಲ್ಲಿ ಅವ್ವ ಆರಾಮ. ಬಲಗಣ್ಣು ಇನ್ನಷ್ಟು ಮಂಜಾಗಿದೆ. ಒಲೆಯ ಮುಂದೆ ಹೋಗಬೇಡ ಎಂದರೂ ಹೋಗಿ ಚಹಾ ಮಾಡುತ್ತಾಳೆ. ರೊಟ್ಟಿಯನ್ನು ಓಣಿಯ ಸಿದ್ದಲಿಂಗವ್ವನ ಮನೆಯಿಂದ ತರುತ್ತೇನೆ, ಪಲ್ಯ ನಾನೇ ಮಾಡುತ್ತೇನೆ. ನನ್ನ ಬದನೆಕಾಯಿ ಪಲ್ಯವನ್ನು ಅವ್ವ ಹೊಗಳುವುದಿಲ್ಲ, ಬೈಯುವುದೂ ಇಲ್ಲ, ನೀರು ಮಾತ್ರ ಹೆಚ್ಚು ಕುಡಿಯುತ್ತಾಳೆ. ನನ್ನ ಸುದ್ದಿಯೆಂದರೆ ಮೊನ್ನೆ ಗುರುವಾರ ನಿವೃತ್ತನಾದೆ. ಮೂವತ್ತಮೂರು ವರ್ಷದ ನೌಕರಿ ಮುಗಿಯಿತು. ಇಂದು ಶನಿವಾರ, ಮುಂಜಾನೆಯ ಸಾಲಿ ಎಂದುಕೊಂಡು ಏಳಕ್ಕೇ ಸ್ನಾನ ಮಾಡಿ, ಅಂಗಿ ತೊಟ್ಟು, ಕಿಸೆಗೆ ಪೆನ್ನು ಸಿಕ್ಕಿಸಿ, ಚಪ್ಪಲಿ ಮೆಟ್ಟಿದ ಮೇಲೆ ನೆನಪಾಯಿತು. ಸಾಲಿಯ ಗಂಟೆ ನಮ್ಮ ಮನೆಗೆ ಕೇಳಿಸುತ್ತದಲ್ಲ, ಅದು ಬಾರಿಸಿದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಆಮೇಲೆ ಪಡಸಾಲೆಯಿಂದ ಅಡುಗೆಮನೆಗೆ, ಅಲ್ಲಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಮತ್ತೆ ಪಡಸಾಲೆಗೆ. ಕೊನೆಗೆ ಅವ್ವ, “ಒಂದ ಕಡೆ ಕುಂದ್ರೋ ಸುಭಾಸಾ, ನಿನ್ನ ಹೆಜ್ಜಿ ಸಪ್ಪಳಕ್ಕ ನನಗ ತಲಿ ತಿರಗತೈತಿ” ಎಂದಳು. ಕೂತೆ. ಕೂತು ಈ ಕಾಗದ ಶುರು ಮಾಡಿದೆ. ನಡುನಡುವೆ ಎದ್ದು ಹೋಗುತ್ತಿದ್ದೇನೆ. ಅಕ್ಷರ ಎಲ್ಲೆಲ್ಲಿ ಬದಲಾಗಿದೆಯೋ ಅಲ್ಲೆಲ್ಲ ಎದ್ದಿದ್ದೆ ಎಂದು ತಿಳಿ.

ಹೇಳಬೇಕಾದದ್ದು ಕೋಟಿನ ಸುದ್ದಿ. ಎರಡು ವರ್ಷದ ಹಿಂದೆ ನೀನೂ ಪ್ರಜ್ಞಾಳೂ ಸೊಲ್ಲಾಪುರಕ್ಕೆ ಹೋದಾಗ, ಅಪ್ಪ ನಿವೃತ್ತಿಯ ದಿನ ಕೋಟು ತೊಡಬೇಕು ಎಂದು ಮಗಳು ಹಟ ಹಿಡಿದು, ನೀವಿಬ್ಬರೂ ಸೇರಿ ಕಡುನೀಲಿ ಬಟ್ಟೆ ಆರಿಸಿ ತಂದು ಟ್ರಂಕಿನಲ್ಲಿ ಇಟ್ಟಿದ್ದಿರಲ್ಲ. ಮದುವೆಯಾದಾಗಿನಿಂದ ನನ್ನ ಅಂಗಿಯನ್ನೆಲ್ಲ ಹೊಲಿದವಳು ನೀನು, ಕೋಟೂ ನಿನ್ನ ಕೈಯದೇ ಆಗುವುದಿತ್ತು. ಏಪ್ರಿಲ್ ಕೊನೆಯ ವಾರ ನೀನು ಹೊರಟ ದಿನ, ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಚೀಲ ಹಿಡಿದು ನಿಂತಿದ್ದ ನನಗೆ ಬೇರೇನೂ ತೋಚಲಿಲ್ಲ. “ಮತ್ತ ನನ್ನ ಕೋಟು?” ಎಂದು ಕೇಳಿಬಿಟ್ಟೆ. ಎಂಥ ಹೊತ್ತಿನಲ್ಲಿ ಎಂಥ ಮಾತು! ನೀನು ಚೀಲ ಕಸಿದುಕೊಂಡು, “ನಿಮ್ಮ ಕೋಟು ನೀವ ಹೊಲಕೋರಿ” ಎಂದು ಬಸ್ಸು ಹತ್ತಿದೆ. ತಿರುಗಿ ನೋಡಲಿಲ್ಲ.

ನೀನು ಹೋದದ್ದು ಕೋಟಿನ ಮಾತಿಗಲ್ಲ ಎಂಬುದು ನನಗೂ ಗೊತ್ತು. ಮುದ್ದೇಬಿಹಾಳದ ಆ ಹೆಣ್ಣುಮಕ್ಕಳ ತರಬೇತಿ ಕೇಂದ್ರದವರು ನಿನ್ನನ್ನು ಹೊಲಿಗೆ ಕಲಿಸಲು ಕರೆದು ಫೆಬ್ರುವರಿಯಲ್ಲೇ ರಿಜಿಸ್ಟರ್ ಪತ್ರ ಕಳಿಸಿದ್ದರು. ಅಂಚೆಯವನು ಅದನ್ನು ಸಾಲಿಯಲ್ಲಿ ನನ್ನ ಕೈಗೆ ಕೊಟ್ಟ. ನಾನು ಸಹಿ ಮಾಡಿ ಇಸಿದುಕೊಂಡು ಮೇಜಿನ ಡ್ರಾಯರಿನಲ್ಲಿ ಇಟ್ಟೆ. ಹಾಜರಾಗುವ ತಾರೀಖು ದಾಟಿ ಹೋಯಿತು. ನೀನು ಎರಡು ಸಲ “ಏನರೆ ಕಾಗದ ಬಂತೇನ್ರಿ?” ಎಂದು ಕೇಳಿದೆ, ನಾನು ಎರಡು ಸಲವೂ ಇಲ್ಲ ಎಂದೆ. ಕೊನೆಗೆ ನೀನೇ ಅಲ್ಲಿಗೆ ಹೋಗಿ ವಿಚಾರಿಸಿದಾಗ ಅವರು ಮುಂದಿಟ್ಟ ರಸೀದಿಯ ಮೇಲೆ ನನ್ನ ಸಹಿ ಇತ್ತು. ಮನೆಗೆ ಬಂದು ನೀನು ಜಗಳ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. “ಪರೀಕ್ಷೆಯ ಗಡಿಬಿಡಿಯಾಗ ಮರತೆ” ಎಂದೆ. ನೀನು ಏನೂ ಅನ್ನದೆ ಅನ್ನಕ್ಕೆ ಇಟ್ಟೆ. ಮೇ ತಿಂಗಳ ಹೊಸ ತಂಡಕ್ಕೆ ಅವರು ಮತ್ತೆ ಕರೆದಾಗ ನನ್ನನ್ನು ಕೇಳಲಿಲ್ಲ, ಹೇಳಿದೆ ಅಷ್ಟೇ.

ಮಲಿಕಸಾಬನಿಗೆ ಬಟ್ಟೆ ಕೊಟ್ಟಿದ್ದರೆ ಹದಿನೈದು ದಿನದಲ್ಲಿ ಕೋಟು ಹೊಲಿದು ಕೊಡುತ್ತಿದ್ದ. ಜೂನ್ ಮೊದಲ ವಾರ ಒಂದು ದಿನ ಬಟ್ಟೆ ಬಗಲಲ್ಲಿಟ್ಟುಕೊಂಡು ಅವನ ಅಂಗಡಿಯವರೆಗೂ ಹೋದೆ. ಟೇಪಿಗಿಂತ ಮೊದಲು ಪ್ರಶ್ನೆ ಬಂತು. “ಏನ್ ಸರ್, ನೀವು ನಮ್ಮ ಅಂಗಡಿಗೆ? ಬಾಯಾರು ಊರಾಗಿಲ್ಲೇನ್ರಿ?” ಎಂದ. “ಅದಾಳ, ಅದಾಳ” ಎಂದು, ಗುಂಡಿಗಾಗಿಯೇ ಬಂದವನ ಹಾಗೆ ನಾಲ್ಕು ಕರಿ ಗುಂಡಿ ಕೊಂಡು ತಿರುಗಿ ಬಂದೆ. ದಾರಿಯಲ್ಲಿ ನಿನ್ನ ಮೇಲೆ ಸಿಟ್ಟು ಬಂತು. ನನ್ನ ಮೇಲೆ ಬರಬೇಕಾದದ್ದು ನಿನ್ನ ಮೇಲೆ ಬಂತು. ನೀವ ಹೊಲಕೋರಿ ಅಂದಳಲ್ಲ, ಹೊಲಿದೇ ತೋರಿಸುತ್ತೇನೆ ಎಂದುಕೊಂಡೆ. ಮೂವತ್ತು ವರ್ಷ ಗಣಿತ ಕಲಿಸಿದವನಿಗೆ ಕೋಟು ಏನು ಮಹಾ? ಅಳತೆ, ಕೋನ, ವಕ್ರರೇಖೆ. ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿದೆ, ನಾಲ್ಕೂ ಬೇರೆ ಬೇರೆ ರೀತಿ ಹೇಳಿದವು. ನಿನ್ನ ಮಶೀನಿನ ಮೇಲೆ ಹೊದಿಸಿದ್ದ ಹಳೆಯ ಸೀರೆ ತೆಗೆದೆ. ನಿನ್ನನ್ನು ಕೇಳದೆ ತೆಗೆದದ್ದಕ್ಕೆ ತಪ್ಪಾಯಿತು.

ಎದೆ, ಸೊಂಟ, ತೋಳಿನ ಉದ್ದ ನಾನೇ ಅಳೆದುಕೊಂಡೆ. ಉಸಿರು ಬಿಗಿಹಿಡಿದು ಅಳೆದೆ ಎಂಬುದು ಆಮೇಲೆ ತಿಳಿಯಿತು. ಬೆನ್ನು ಮಾತ್ರ ಸಿಗಲಿಲ್ಲ. ಕನ್ನಡಿಯ ಮುಂದೆ ಟೇಪು ಹಿಡಿದು ಸುತ್ತು ಹಾಕುತ್ತಿದ್ದಾಗ ಅವ್ವ, “ಏನ ಹುಡಕಾಕತ್ತೀ?” ಎಂದಳು. ಹೇಳಿದೆ. “ಬಾ ಇಲ್ಲೆ, ಕುಂದ್ರು” ಎಂದಳು. ಅವಳ ಮುಂದೆ ನೆಲದ ಮೇಲೆ ಬೆನ್ನು ತಿರುಗಿಸಿ ಕೂತೆ. ಟೇಪಿನ ಅಂಕಿ ಅವಳಿಗೆ ಕಾಣುವುದಿಲ್ಲ. ಬೆರಳಿನಿಂದ ಈ ಹೆಗಲಿನ ಎಲುಬು ಹುಡುಕಿದಳು, ಆ ಹೆಗಲಿನ ಎಲುಬು ಹುಡುಕಿದಳು, ನಡುವೆ ಟೇಪು ಹಿಡಿದು, ಮುಗಿದ ಜಾಗದಲ್ಲಿ ಹೆಬ್ಬೆರಳು ಒತ್ತಿ ನನ್ನ ಕೈಗೆ ಕೊಟ್ಟಳು. ಅರವತ್ತರ ಮಗ, ಎಂಬತ್ತೆರಡರ ತಾಯಿ. ಹಾಗೆ ಕೈ ಇಟ್ಟುಕೊಂಡೇ ಹೇಳಿದಳು: “ನಿಮ್ಮಪ್ಪನ ಮೈಗೆ ಟೇಪು ಮುಟ್ಟಲಿಲ್ಲೋ ಸುಭಾಸಾ. ಲಗ್ನಕ್ಕ ಅಂಗಿ ಹೊಲಿಸಾಕ ಇಂಡಿಗೆ ಹೋಗಿದ್ದ. ಆ ಟೇಲರ ಅಂಗಡಿ ಹೊರಗ ನಿಂದ್ರಿಸಿ ಬರೇ ಕಣ್ಣಾಗ ಅಳತಿ ಮಾಡಿದ. ತೋಳು ಮೊಣಕೈ ತನಾನೂ ಬರಲಿಲ್ಲ. ಅದನ್ನ ತೊಟ್ಟು ಅಕ್ಕಿಕಾಳಿಗೆ ನಿಂತಾ.” ಅಪ್ಪ ಈ ಮಾತನ್ನು ನನ್ನ ಮುಂದೆ ಎಂದೂ ಆಡಿದವನಲ್ಲ. ಅವ್ವನೂ ಆಡಿರಲಿಲ್ಲ. ಆದರೆ ನಿನಗೆ ಮದುವೆಯಾದ ವರ್ಷವೇ ಹೇಳಿದ್ದಳಂತೆ. ನನ್ನ ಮೊದಲ ಅಂಗಿಗೆ ನೀನು ಮೂರು ಮೂರು ಸಲ ಅಳತೆ ತೆಗೆದಾಗ ನಾನು “ಎಷ್ಟೊತ್ತ ನಿಂದ್ರಸ್ತಿ” ಎಂದು ಸಿಡುಕಿದ್ದೆ. ಯಾಕೆ ಅಳೆಯುತ್ತಿದ್ದೀ ಎಂದು ನೀನಾದರೂ ಹೇಳಬಾರದಿತ್ತೇ?

ಸಾಲಿಯಿಂದ ತಂದ ಸೀಮೆಸುಣ್ಣದಿಂದ ಬಟ್ಟೆಯ ಮೇಲೆ ಗುರುತು ಹಾಕಿ, ಒಂದು ರವಿವಾರ ಕತ್ತರಿಸಲು ಕೂತೆ. ನಿನ್ನ ದೊಡ್ಡ ಕತ್ತರಿಯ ಮೊದಲ ಸಪ್ಪಳಕ್ಕೆ ಕೈ ತಡೆದು ಗೆರೆಯನ್ನು ಮತ್ತೊಮ್ಮೆ ನೋಡಿದೆ. ಆಮೇಲೆ ಕೈ ಹುರುಪಿಗೆ ಬಿತ್ತು, ಅದೇ ತಪ್ಪಾದದ್ದು. ಗೆರೆಯ ಮೇಲೇ ಕತ್ತರಿಸುತ್ತ ಹೋದೆ. ಹೊಲಿಗೆಗೆಂದು ಸುತ್ತ ಅಂಚು ಬಿಡಬೇಕು ಎಂಬುದು ಎಲ್ಲ ತುಂಡೂ ನೆಲದ ಮೇಲೆ ಬಿದ್ದ ಮೇಲೆ ನೆನಪಾಯಿತು. ಅದಾದರೂ ಹೋಗಲಿ. ತೋಳಿಗೆ ಕಾಗದದ ಮಾದರಿ ಮಾಡಿಕೊಂಡಿದ್ದೆ. ಅದನ್ನು ಎರಡು ಸಲವೂ ಒಂದೇ ಮಗ್ಗುಲಾಗಿ ಇಟ್ಟು ಕತ್ತರಿಸಿದ್ದೆ, ಮಗುಚಿ ಇಡಲಿಲ್ಲ. ಎರಡೂ ಎಡಗೈಯ ತೋಳೇ ಆದವು. ಹಾಗೆ ಆಗಿದೆ ಎಂಬುದೂ ನನಗೆ ಆಗ ತಿಳಿಯಲಿಲ್ಲ. ಎರಡನೆಯ ತೋಳು ಯಾಕೆ ಕೂಡುತ್ತಿಲ್ಲ ಎಂದು ಒಂದು ವಾರ ಗುದ್ದಾಡಿದೆ. ಹೊಲಿದೆ, ಬಿಚ್ಚಿದೆ, ಮತ್ತೆ ಹೊಲಿದೆ. ಮಶೀನಿನ ಗಾಲಿ ನಾನು ಕಾಲು ಒತ್ತಿದರೆ ಹಿಂದಕ್ಕೆ ತಿರುಗುತ್ತಿತ್ತು, ದಾರ ಕೆಳಗೆ ಗಂಟು ಗಂಟಾಗಿ ಕೂಡುತ್ತಿತ್ತು. ಅವ್ವ ಒಳಗಿನಿಂದ, “ಆಕಿ ಕುಂತ್ರ ಮಶೀನ್ ಹಿಂಗ ಒದರತಿರಲಿಲ್ಲ” ಎಂದಳು. ಆ ವಾರ ನಾನು ಸಾಲಿಯಲ್ಲಿ ಮಕ್ಕಳ ಮೇಲೆ ಕಾರಣವಿಲ್ಲದೆ ಎರಡು ಸಲ ಒದರಿದೆ. ಮಧ್ಯಾಹ್ನದ ಬಿಸಿಯೂಟದ ಹೊತ್ತಿನಲ್ಲಿ ಕೂಡ ಕಾಗದದ ಮೇಲೆ ತೋಳಿನ ಚಿತ್ರ ಬರೆದು ಅಳಿಸುತ್ತ ಕೂತಿರುತ್ತಿದ್ದೆ.

ಬಾಗೇವಾಡಿಯಲ್ಲಿ ಯಾರನ್ನೂ ಕೇಳುವಂತಿರಲಿಲ್ಲ. ಅದಕ್ಕೆ ಜೂನ್ ಕೊನೆಯ ರವಿವಾರ ಎಲ್ಲವನ್ನೂ ಚೀಲದಲ್ಲಿ ತುಂಬಿಕೊಂಡು ದೇವರ ಹಿಪ್ಪರಗಿಯ ಮೇಲೆ ಸಿಂದಗಿಗೆ ಹೋದೆ. ಅಲ್ಲಿ ನನ್ನ ಗುರುತಿನವರಿಲ್ಲ. ಅರಿವೆ ಅಂಗಡಿಯವನಿಗೆ ಬಟ್ಟೆ ತೋರಿಸಿ ಇಂಥದೇ ಬೇಕು ಎಂದೆ. “ಇದರ ಥಾನು ಈಗ ಬರಂಗಿಲ್ರೀ” ಎಂದು ಸಮೀಪದ ಬಣ್ಣದ್ದೊಂದು ತೆಗೆದುಕೊಟ್ಟ. ಕೋಟು ಹೊಲಿಯುವವರು ಯಾರಿದ್ದಾರೆ ಎಂದು ಕೇಳಿದ್ದಕ್ಕೆ ಪೀರಬಿ ಎಂಬಾಕೆಯ ಮನೆ ತೋರಿಸಿದ. ಎಪ್ಪತ್ತರ ಹತ್ತಿರದ ಹೆಣ್ಣುಮಗಳು. ಗಂಡನ ಅಂಗಡಿಯಲ್ಲಿ ಗುಂಡಿಗೆ ಕಾಜಾ ಮಾಡುತ್ತ ಕಲಿತು, ಅವರು ತೀರಿಕೊಂಡ ಮೇಲೆ ತಾನೇ ಕತ್ತರಿ ಹಿಡಿದವಳು. ನಾನು ಕೋಟಿನ ತುಂಡುಗಳನ್ನು ಮುಂದೆ ಹರವಿದಾಗ ಮೇಲ್ಮೈಯನ್ನು ನೋಡಲೇ ಇಲ್ಲ, ಮೊದಲು ಒಳಮೈ ತಿರುವಿ ನೋಡಿದಳು. ಆಮೇಲೆ ಎರಡು ತೋಳನ್ನು ಒಂದರ ಪಕ್ಕ ಒಂದು ಇಟ್ಟು, “ಸರ್, ನಿಮಗ ಎರಡೂ ಎಡಗೈ ಅದಾವೇನ್ರಿ?” ಎಂದಳು. ಆಗ ನನಗೆ ಗೊತ್ತಾಯಿತು. ನಗು ಬರಲಿಲ್ಲ, ಕಿವಿ ಬಿಸಿಯಾಯಿತು. “ಯಾರ ಹೊಲದಾರ ಇದನ್ನ?” ಎಂದು ಕೇಳಿದಳು. “ನಮ್ಮ ಮನಿಯಾಗಿನಾಕಿ” ಎಂದುಬಿಟ್ಟೆ.

ಹೌದು ಸಂಘಮಿತ್ರಾ, ನಿನ್ನ ಮೇಲೆ ಹಾಕಿದೆ. ಬಾಯಿಗೆ ಮೊದಲು ಬಂದದ್ದು ಅದೇ. ಪೀರಬಿ ಕನ್ನಡಕದ ಮೇಲಿಂದ ನನ್ನ ಮುಖ ನೋಡಿದಳು. ನನ್ನ ಹೆಬ್ಬೆರಳಿಗೆ ಸೂಜಿ ಚುಚ್ಚಿ ಕಪ್ಪಾಗಿತ್ತು, ಅದನ್ನೂ ನೋಡಿದಳು. “ಹೆಣ್ಣಮಗಳಾಗಿದ್ರ ಮೊದ್ಲ ಹಳಿ ಧೋತರದ ಮ್ಯಾಲೆ ಕತ್ತರಸಿ ನೋಡತಿದ್ಳು. ಹೊಸಾ ಅರಿವಿಗೆ ಹಿಂಗ ಧೈರ್ಯ ಮಾಡಾವ್ರು ಗಂಡಸರ ಇರಬೇಕ ನೋಡ್ರಿ” ಎಂದಳು. ನಾನು ಒಪ್ಪಿಕೊಂಡೆ. “ನಾ ಹೊಲದ ಕೊಡ್ಲೇನು?” ಎಂದಳು. ಬೇಡ ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. “ಹಂಗಾದ್ರ ಕುಂದರ್ರಿ” ಎಂದು ಹಳೆಯ ಚಾದರಿನ ಚೂರು ಕೊಟ್ಟಳು. ಆ ಇಡೀ ದಿನ ನನ್ನಿಂದ ನೇರ ಗೆರೆ ಹೊಲಿಸಿದಳು, ಬರೀ ನೇರ ಗೆರೆ. ನಾನು ಒಂದನೆಯ ಇಯತ್ತೆಯ ಮಕ್ಕಳಿಂದ ಹೀಗೆ ಅಡ್ಡಗೆರೆ ಬರೆಸಿದವನಲ್ಲ, ಬರೆಸುವವರನ್ನು ನೋಡಿ ನಕ್ಕವನು. ಹೀಗೆ ಮೂರು ರವಿವಾರ ಹೋದೆ. ಎರಡನೆಯ ಸಲ ಅಂಚು ಸಾಲದ ಕಡೆ ಬಗಲಲ್ಲಿ ಪಟ್ಟಿ ಕೂಡಿಸುವುದನ್ನು ತೋರಿಸಿದಳು. ಮೂರನೆಯ ಸಲ ತೋಳು, ಬಲದ್ದನ್ನು ಹೊಸದಾಗಿ ಕೊಂಡ ಬಟ್ಟೆಯಲ್ಲಿ ಕತ್ತರಿಸಿ. ತೋಳಿನ ಮೇಲ್ಭಾಗ ಅದು ಕೂಡಬೇಕಾದ ಜಾಗಕ್ಕಿಂತ ದೊಡ್ಡದಿರುತ್ತದೆ ಎಂಬುದು ನಿನಗೆ ಗೊತ್ತಿರುವುದೇ. ನನಗೆ ಅದು ಲೆಕ್ಕಕ್ಕೇ ಬರಲಿಲ್ಲ. ದೊಡ್ಡದನ್ನು ಚಿಕ್ಕದಕ್ಕೆ ನೆರಿಗೆ ಬೀಳದಂತೆ ಹೇಗೆ ಕೂಡಿಸುವುದು ಎಂದು ವಾದಕ್ಕೆ ನಿಂತೆ. “ಎಳದು ಕೂಡಿಸಬ್ಯಾಡ್ರಿ ಸರ್. ಬೆರಳಿಲೆ ಸ್ವಲ್ಪ ಸ್ವಲ್ಪ ಉಣಿಸ್ಕೋತ ಹೋಗ್ರಿ” ಎಂದಳು. ಆರು ಸಲ ಬಿಚ್ಚಿದ ಮೇಲೆ ಬಲತೋಳು ಕೂತಿತು. ಎಡದ್ದು ಹೆಗಲಿನ ಹತ್ತಿರ ಎರಡು ಸುಕ್ಕು ಹಾಗೇ ಉಳಿಸಿಕೊಂಡಿತು. “ಇರ್ಲಿ ಬಿಡ್ರಿ, ಮತ್ತ ಬಿಚ್ಚಿದ್ರ ಅರಿವಿ ಸಾಯತೈತಿ” ಎಂದಳು.

ಇತ್ತ ಸಾಲಿಯಲ್ಲಿ ಬೀಳ್ಕೊಡುಗೆಯ ತಯಾರಿ ನಡೆದಿತ್ತು. ನನ್ನ ನಂತರ ಚಾರ್ಜು ತೆಗೆದುಕೊಳ್ಳುವ ಸಂಗಮೇಶ ಮಾಸ್ತರರು ದಿನಾ ಒಂದೇ ಮಾತು. “ಬಾಯಾರ್ನ ಸ್ಟೇಜ್ ಮ್ಯಾಲ ಕರೀಬೇಕ್ರಿ, ಇಬ್ಬರಿಗೂ ಕೂಡಿ ಶಾಲು ಹೊದಸ್ತೇವಿ.” ಪ್ರಜ್ಞಾಳಿಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ರಜೆ ಸಿಕ್ಕಿರಲಿಲ್ಲ ಎಂಬುದು ನಿಜ, ಅದನ್ನು ಹೇಳಿದೆ. ನಿನ್ನ ಬಗ್ಗೆ ಕೇಳಿದಾಗ ಜ್ವರ ಎಂದೆ. ಜುಲೈ ಇಪ್ಪತ್ತೈದಕ್ಕೇ ಮೂವತ್ತೊಂದರ ಜ್ವರ! ಅವರು ನಂಬಿದರೋ ಇಲ್ಲವೋ. ಆ ಕೊನೆಯ ವಾರ ನನಗೆ ಎಲ್ಲಿಯೂ ಕಾಲು ನಿಲ್ಲಲಿಲ್ಲ. ಸಾಲಿಯಲ್ಲಿದ್ದರೆ ಕಾಜಾ ಉಳಿದಿದೆ ಎನಿಸುವುದು, ಮನೆಗೆ ಬಂದು ಸೂಜಿ ಹಿಡಿದರೆ ರಜಿಸ್ಟರ್ ಉಳಿದಿದೆ ಎನಿಸುವುದು. ಐದು ಸಂಜೆ ಅವ್ವ ನಿನ್ನ ಜೊತೆ ಮಾತಾಡುವಾಗ ಫೋನು ಕಸಿದುಕೊಂಡು “ಬಾ” ಎನ್ನಬೇಕು ಎಂದು ಏಳುತ್ತಿದ್ದೆ, ನೀರು ಕುಡಿದು ಕೂರುತ್ತಿದ್ದೆ. ಕೋಟಿನ ಸುದ್ದಿ ಹೇಳಬೇಡ ಎಂದು ಅವ್ವನಿಂದ ಮಾತು ತೆಗೆದುಕೊಂಡಿದ್ದೆ. ಪಾಪ, ಅವಳಿಗೆ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದೇ ದೊಡ್ಡ ಕಷ್ಟವಾಗಿತ್ತು.

ಗುರುವಾರ ಬಂತು. ಕೋಟು ತೊಟ್ಟೆ. ಕನ್ನಡಿಯಲ್ಲಿ ಅಷ್ಟೇನೂ ಕೆಟ್ಟದಾಗಿ ಕಾಣಲಿಲ್ಲ. ಬಿಸಿಲಿಗೆ ಬಂದಾಗ ಬಲತೋಳಿನ ನೀಲಿ ಬೇರೆ, ಉಳಿದದ್ದರ ನೀಲಿ ಬೇರೆ ಎಂಬುದು ಎದ್ದು ಕಂಡಿತು. ಮೇಲಿನ ಗುಂಡಿ ಹಾಕಿದರೆ ಉಸಿರಾಡಲು ಬರುವುದಿಲ್ಲ, ಬಿಚ್ಚಿದರೆ ಎಡಹೆಗಲು ಜಾರುತ್ತದೆ. ಅವ್ವ ಮಾತ್ರ ಬೆನ್ನಿನ ಮೇಲೆ ಕೈ ಆಡಿಸಿ, “ಬೆನ್ನ ಸರಿ ಕುಂತೈತಿ” ಎಂದಳು. ಬೆನ್ನು ಅವಳ ಅಳತೆಯಲ್ಲವೇ. ರಿಕ್ಷಾದಲ್ಲಿ ಅವಳನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದೆ. ಹಾರ, ಶಾಲು, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಆಯಿತು. ಕೊನೆಗೆ ಸಂಗಮೇಶ ಮಾಸ್ತರರು ಮೈಕಿನ ಮುಂದೆ ನಿಂತು, “ಇವತ್ತ ನಮ್ಮ ಸರ್ ತೊಟ್ಟ ಕೋಟು ಅವರ ಶ್ರೀಮತಿಯವರು ಜ್ವರದಾಗ ಕುಂತು ಹೊಲದದ್ದು. ಅವರು ಇವತ್ತ ಬರಾಕ ಆಗಿಲ್ಲ. ಅವರಿಗೂ ಒಂದ ಚಪ್ಪಾಳಿ” ಎಂದರು. ನಾನು ಹಾಗೆ ಹೇಳಿರಲಿಲ್ಲ. ಜ್ವರದ ಮಾತು ನನ್ನದು, ಉಳಿದದ್ದನ್ನು ಅವರು ಪ್ರೀತಿಯಿಂದ ಸೇರಿಸಿದ್ದರು. ಇಡೀ ಸಾಲಿ ಚಪ್ಪಾಳೆ ತಟ್ಟಿತು.

ಆಗ ನನ್ನ ಕಣ್ಣು ಎರಡನೆಯ ಸಾಲಿನಲ್ಲಿದ್ದ ಹಿಂದಿ ಟೀಚರ್ ವಿದ್ಯಾವತಿಯವರ ಮೇಲೆ ಬಿತ್ತು. ಹತ್ತು ವರ್ಷದಿಂದ ನಿನ್ನ ಹತ್ತಿರವೇ ಕುಪ್ಪಸ ಹೊಲಿಸುವವರು. ಅವರು ನನ್ನ ಎಡಹೆಗಲಿನ ಸುಕ್ಕು ನೋಡಿದರು, ಬಲತೋಳಿನ ಬಣ್ಣ ನೋಡಿದರು, ಪಕ್ಕದವರ ಮುಖ ನೋಡಿದರು. ಪಾಪ, ಬಾಯಿಯವರ ಕೈ ಕೆಟ್ಟಿತಲ್ಲ ಎಂಬ ನೋಟ ಅದು. ಚಪ್ಪಾಳೆ ನಡೆದೇ ಇತ್ತು. ನಾನು ಎದ್ದು ಮೈಕಿನ ಹತ್ತಿರ ಹೋದೆ. ಬರೆದುಕೊಂಡ ಭಾಷಣ ಕಿಸೆಯಲ್ಲಿತ್ತು, ಅದನ್ನು ತೆಗೆಯಲಿಲ್ಲ. ಬಾಯಿಗೆ ನಮ್ಮ ಮನೆಯ ಮಾತೇ ಬಂತು. “ನಮ್ಮಾಕಿಗೆ ಜ್ವರ ಇಲ್ರಿ. ಆಕಿ ಆರಾಮ ಅದಾಳ. ಮುದ್ದೇಬಿಹಾಳದಾಗ ಹೆಣ್ಣಮಕ್ಕಳಿಗೆ ಹೊಲಿಗಿ ಕಲಸ್ತಾಳ, ಟೀಚರ್ ಆಗ್ಯಾಳ. ಈ ಕೋಟು ಆಕೀದಲ್ಲ. ಆಕಿ ಕೈಯಾಗ ಇಂಥಾದ್ದು ಬರಾಂಗಿಲ್ಲ. ಇದನ್ನ ನಾ ಹೊಲಕೊಂಡೇನಿ” ಎಂದೆ. ಆಮೇಲೆ ಹಿಂದಿನಿಂದ ಹತ್ತನೆಯ ತರಗತಿಯ ಹುಡುಗಿಯರು ನಕ್ಕರು, ಎಲ್ಲರೂ ನಕ್ಕರು, ನಾನೂ ನಕ್ಕೆ. ಅವ್ವ ಕೋಲಿನಿಂದ ನೆಲಕ್ಕೆ ಎರಡು ಸಲ ಕುಟ್ಟಿದಳು. “ಹಂಗಾರ ನಾಳಿಂದ ಅಂಗಡಿ ತೆರೀರಿ ಸರ್” ಎಂದು ಸಂಗಮೇಶ ಮಾಸ್ತರರು ಹೇಳಿದ್ದಕ್ಕೆ ಮತ್ತೆ ನಗು. ಆ ನಗೆಯಲ್ಲಿ ನಾನು ಪಾರಾದೆ. ನೀನು ಯಾಕೆ ಮನೆಯಲ್ಲಿಲ್ಲ ಎಂಬುದನ್ನು ಹೇಳಬೇಕಾದ ಜಾಗ ಅದೇ ಆಗಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಬಾಟಲಿಯ ನೀರು ಕುಡಿದು, ಎಲ್ಲರಿಗೂ ನಮಸ್ಕಾರ ಎಂದು ಕೂತುಬಿಟ್ಟೆ.

ಊಟದ ಹೊತ್ತಿಗೆ ವಿದ್ಯಾವತಿಯವರು ತಾಟು ಹಿಡಿದು ನನ್ನ ಹತ್ತಿರ ಬಂದರು. “ಸರ್, ಬಾಯಾರಿಗೆ ಚಳಿಗಾಲದಾಗನ ಕರಿ ಬರೋದಿತ್ತಲ್ರಿ, ನನಗ ಹೇಳಿದ್ರು. ಆವಾಗ ಯಾಕ ಹೋಗಲಿಲ್ಲ?” ಎಂದರು. ಸಂಶಯದಿಂದ ಕೇಳಿದ್ದಲ್ಲ, ಸಹಜವಾಗಿ ಕೇಳಿದ್ದು. ನೂರು ಜನರ ಮುಂದೆ ಆಡಲಾಗದ್ದನ್ನು ಆ ಒಬ್ಬರ ಮುಂದೆ ಆಡಿದೆ. “ಕಾಗದ ಬಂದಿತ್ತು ಟೀಚರ್. ನಾನ ಮುಚ್ಚಿಟ್ಟಿದ್ದೆ” ಎಂದೆ. ಅವರ ಕೈಯಲ್ಲಿನ ತುತ್ತು ತಾಟಿನಲ್ಲೇ ನಿಂತಿತು. “ಇದನ್ನ ಅವರ ಮುಂದ ಹೇಳೀರೇನ್ರಿ?” ಎಂದು ಕೇಳಿದರು. “ಆಕಿಗೆ ಗೊತ್ತೈತಿ” ಎಂದೆ. “ಗೊತ್ತಾಗಿದ್ದಲ್ಲ ಸರ್, ನೀವು ಹೇಳೀರೇನು ಅಂತ ಕೇಳಿದೆ” ಎಂದು ಹೇಳಿ, ಅವರು ಅವ್ವನಿಗೆ ಮಜ್ಜಿಗೆ ಕೊಡಲು ಹೋದರು. ಮೊನ್ನೆಯಿಂದ ನಾನು ಪಡಸಾಲೆ, ಹಿತ್ತಿಲು ತಿರುಗುತ್ತಿರುವುದು ಸಾಲಿ ಬಿಟ್ಟದ್ದಕ್ಕೆ ಎಂದು ಅವ್ವ ತಿಳಿದಿದ್ದಾಳೆ. ಅದಕ್ಕಲ್ಲ, ಟೀಚರ್ ಕೇಳಿದ ಈ ಮಾತಿಗೆ.

ಇಲ್ಲಿಗೆ ಮುಗಿಸುತ್ತೇನೆ. ಅವ್ವ ನಿನಗೆ ಆಶೀರ್ವಾದ ಹೇಳಿದ್ದಾಳೆ, ಹಿಮ್ಮಡಿಗೆ ಬಿಸಿ ಉಪ್ಪಿನ ಶಾಖ ಕೊಡಬೇಕಂತೆ. ಪ್ರಜ್ಞಾ ಫೋನು ಮಾಡಿದರೆ ಅಪ್ಪ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆ ಎಂದು ಹೇಳು, ನನ್ನ ಮಾತು ಅವಳು ನಂಬುವುದಿಲ್ಲ. ನಿನ್ನ ಹತ್ತಿರ ಕಲಿಯುವ ಹೆಣ್ಣುಮಕ್ಕಳಿಗೆಲ್ಲ ನನ್ನ ಶುಭಾಶಯ. ಅವರಿಗೆ ಮೊದಲು ಹಳೆಯ ಧೋತರ ಕತ್ತರಿಸಲು ಹೇಳು. ನಿನ್ನ ಆರೋಗ್ಯ ಜೋಪಾನ.

ನಿನ್ನ,
ಸುಭಾಸ

ತಾ.ಕ.: ಅಂಚೆ ಡಬ್ಬಿ ಹನ್ನೊಂದಕ್ಕೆ ತೆರೆಯುತ್ತಾರೆ, ಅದಕ್ಕೇ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮೇಲೆ ಇಷ್ಟು ಉದ್ದ ಬರೆದೂ ಇದನ್ನು ಬರೆಯಲಿಲ್ಲ. ಫೆಬ್ರುವರಿಯಲ್ಲಿ ನಾನು ಮರೆತಿರಲಿಲ್ಲ. ಪತ್ರವನ್ನು ಒಡೆದು ಮೂರು ಸಲ ಓದಿದ್ದೆ. ನಿನ್ನ ಹೆಸರಿನ ಮುಂದೆ ‘ಶಿಕ್ಷಕಿ’ ಎಂದು ಬರೆದಿದ್ದರು. ಜುಲೈಗೆ ನನ್ನ ಹೆಸರಿನಿಂದ ಅದು ಹೋಗುವುದಿತ್ತು, ಅದೇ ವರ್ಷ ನಿನ್ನ ಹೆಸರಿಗೆ ಬರುವುದು ನನಗೆ ಸಹಿಸಲಾಗಲಿಲ್ಲ. ಅವ್ವನ ಕಣ್ಣು, ಮನೆ, ಅಡುಗೆ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ, ಅವು ನಿಜವಲ್ಲ. ಹೊಟ್ಟೆಕಿಚ್ಚು ಅದು. ಇದಕ್ಕೆ ನೀನು ಏನಾದರೂ ಅನ್ನು, ಅನ್ನದೆ ಮಾತ್ರ ಇರಬೇಡ.

ಇನ್ನೊಂದು. ನಿನ್ನನ್ನು ಬಾ ಎಂದು ಕರೆಯಲು ಈ ಕಾಗದ ಬರೆದಿಲ್ಲ. ಈಗ ನೌಕರಿ ಇರುವುದು ನಿನಗೆ. ಬಾಗೇವಾಡಿಯಲ್ಲೇ ಇರಬೇಕಾದ ಕೆಲಸ ನನಗೆ ಇನ್ನು ಯಾವುದೂ ಇಲ್ಲ. ಅವ್ವನನ್ನು ಕೇಳಿದೆ, “ನಾ ಆಗಲೇ ಗಂಟ ಕಟ್ಟೇನಿ” ಎಂದಳು. ಮುದ್ದೇಬಿಹಾಳದಲ್ಲಿ ನಾವು ಮೂವರು ಇರುವಂಥ ಮನೆ ಬಾಡಿಗೆಗೆ ಸಿಗುತ್ತದೆಯೇ? ಹತ್ತನೆಯ ತಾರೀಖು ರವಿವಾರ ಬರುತ್ತೇವೆ, ನೀನು ಹೂಂ ಎಂದರೆ ಮಾತ್ರ. ಬರ್ಲೇನು?